ಬಳ್ಳೊಳ್ಳಿ ಮಾಲೆ ಹಾಕಿಕೊಂಡ ವ್ಯಾಂಪೈರ್

ಒಂದು ಇಂಗ್ಲಿಷ್ ಕಾದಂಬರಿಗೆ ಬಳ್ಳೊಳ್ಳಿಯ ಮಾಲೆ ಹಾಕಿ, ಅದನ್ನು ಜೈನರ ಮನೆಯ ಹೊಸ್ತಿಲಿಗೆ ಒಯ್ದು, ದೇವರ ಪ್ರಸಾದವೇನೋ ಎಂಬಂತೆ ಎರಡೂ ಕೈಯಿಂದ ಚಾಚಿ ನಿಂತ ಮಹಾಪುರುಷ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಉಳಿದ ಕಡೆಯವರು ಬೆಳ್ಳುಳ್ಳಿ ಎನ್ನುವ ಆ ವಸ್ತುವನ್ನು ಆ ಮನೆಯವರು ಒಳಗೆ ತರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಎರಡು ವರ್ಷದಿಂದ ಅದೇ ಮನೆಯ ಡಬ್ಬಿಯ ಪಲ್ಯ ಕಸಿದು ತಿಂದ ನನ್ನ ನಾಲಗೆಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿದಾಗ ನಾಲಗೆಯ ಜ್ಞಾನ ತಲೆಗೆ ಏರುವುದಿಲ್ಲ. ದಾರಿಯಲ್ಲೇ ಸುಟ್ಟು ಬೂದಿಯಾಗುತ್ತದೆ.

ಕಿಚ್ಚು ಯಾರ ಮೇಲೆ ಎಂದು ಹೇಳಿಬಿಡುತ್ತೇನೆ, ನಗಬೇಡಿ. ರಕ್ತ ಹೀರುವ ಒಬ್ಬ ವ್ಯಾಂಪೈರ್ ಮೇಲೆ.

ನಾನು ಖಾನಾಪುರದವನು. ದಿನಾ ಮುಂಜಾನೆ ಪ್ಯಾಸೆಂಜರ್ ರೈಲು ಹತ್ತಿ ಬೆಳಗಾವಿಯ ಕಾಲೇಜಿಗೆ ಹೋಗುತ್ತೇನೆ. ನಡುವೆ ದೇಸೂರಿನಲ್ಲಿ ತ್ರಿಶಲಾ ಹತ್ತುತ್ತಾಳೆ. ಖಾನಾಪುರದಿಂದ ದೇಸೂರಿನವರೆಗೆ ಕಿಟಕಿಯ ಪಕ್ಕದ ಸೀಟನ್ನು ಒಂದೇ ಒಂದು ಕರವಸ್ತ್ರದ ಬಲದಿಂದ ಕಾಯುವುದು ನನ್ನ ನಿತ್ಯಕರ್ಮ. ಆ ಸೀಟಿಗಾಗಿ ಕನ್ನಡದಲ್ಲೂ ಮರಾಠಿಯಲ್ಲೂ ಸಮಸಮವಾಗಿ ಬೈಸಿಕೊಂಡಿದ್ದೇನೆ. ಮೊದಲೆಲ್ಲ ಅವಳು ಕೂತ ಕೂಡಲೇ ಮಾತು ಶುರುವಾಗುತ್ತಿತ್ತು. ಈಗೊಂದು ವರ್ಷದಿಂದ ಕೂತ ಕೂಡಲೇ ಪುಸ್ತಕ ತೆರೆಯುತ್ತಾಳೆ. ಕಪ್ಪು ರಕ್ಷಾಪುಟ, ಇಟ್ಟಿಗೆಯಷ್ಟು ದಪ್ಪ, ಮೇಲೆ ರಕ್ತಹೀನತೆಯಿಂದ ನರಳುವವನಂತೆ ಬಿಳಿಚಿಕೊಂಡ ಒಬ್ಬ ಚೆಲುವ.

ವ್ಯಾಂಪೈರ್‌ಗಳು ಸತ್ತು ಹೋದವು ಎಂದು ನಾವೆಲ್ಲ ನೆಮ್ಮದಿಯಿಂದಿದ್ದೆವು. ಹಿಂದೆ ಅವು ಪಾಳು ಕೋಟೆಯಲ್ಲಿ, ಕರಿ ಕೋಟು ತೊಟ್ಟು, ಹೆದರಿಸುವ ತಮ್ಮ ಕಸುಬನ್ನು ನಿಷ್ಠೆಯಿಂದ ಮಾಡಿಕೊಂಡಿದ್ದವು. ಈಗ ಮತ್ತೆ ಎದ್ದಿವೆ, ಏಳುವಾಗ ತಲೆ ಬಾಚಿಕೊಂಡು ಎದ್ದಿವೆ. ನಮ್ಮ ಕಾಲೇಜಿನ ಹುಡುಗಿಯರಿಗೆ ಹಿಂದವಾಡಿಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಬೇರೇನೂ ಬೇಡ. ಈ ಹೊಸ ತಳಿಯವನು ಸಂಭಾವಿತ, ಮಿತಭಾಷಿ, ವಿರಹಿ. ವಯಸ್ಸು ಮುನ್ನೂರು, ಓದುತ್ತಿರುವುದು ಇನ್ನೂ ಕಾಲೇಜಿನಲ್ಲಿ! ಅವನು ಮುನ್ನೂರು ವರ್ಷದಿಂದ ಪಾಸಾಗದೆ ಕೂತರೆ ನಿಗೂಢ. ನಾನು ಒಂದು ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದರೆ ದಡ್ಡ. ಇದ್ಯಾವ ನ್ಯಾಯ? ನಮ್ಮ ಖಾನಾಪುರದ ಕಾಡಿನ ದೆವ್ವಗಳೂ ತಲೆಮಾರುಗಳಿಂದ ಹುಣಸೆಮರದಲ್ಲಿ ಶ್ರದ್ಧೆಯಿಂದ ಜೋತುಬಿದ್ದಿವೆ, ದಾರಿಹೋಕರನ್ನು ತಡೆದು ಎಲೆ-ಅಡಿಕೆ ಬಿಟ್ಟು ಇನ್ನೇನನ್ನೂ ಕೇಳಿದ್ದಿಲ್ಲ. ಅವುಗಳಿಗೆ ಮನಸೋತ ಒಬ್ಬ ಹುಡುಗಿಯ ಹೆಸರು ಹೇಳಿ ನೋಡೋಣ.

ವಿರೋಧಿಯನ್ನು ಗೆಲ್ಲಲಾಗದಿದ್ದರೆ ಅನುಕರಿಸಬೇಕು ಎಂದುಕೊಂಡೆ. ಒಂದು ಮುಂಜಾನೆ ಅವ್ವನ ಪೌಡರಿನ ಡಬ್ಬಿಯನ್ನು ಅರ್ಧ ಖಾಲಿ ಮಾಡಿ ರೈಲು ಹತ್ತಿದೆ. ಸೀಟು ಕಾಯುವ ಕದನದಲ್ಲಿ ಬೆವರಿ, ದೇಸೂರು ಬರುವಷ್ಟರಲ್ಲಿ ಮುಖದ ಮೇಲೆ ಮಲಪ್ರಭೆಯೂ ಅದರ ಉಪನದಿಗಳೂ ಹರಿದಿದ್ದವು. ತ್ರಿಶಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏನೋ ಸಿದ್ದೂ, ಹಿಟ್ಟಿನ ಗಿರಣ್ಯಾಗಿಂದ ಸೀದಾ ಬಂದೀ ಏನ?”

ಮರುದಿನ ಮಿತಭಾಷಿಯಾದೆ. ಬೆಳಗಾವಿ ಬರುವವರೆಗೆ ತುಟಿ ಬಿಚ್ಚದೆ, ಶೂನ್ಯವನ್ನು ದಿಟ್ಟಿಸುತ್ತ ಕೂತೆ. ಇಳಿಯುವಾಗ ಅವಳು ತುಂಬು ಹೃದಯದಿಂದ ಹೇಳಿದಳು: “ಇವತ್ತ ಎಷ್ಟ ಛಲೋ ಆತ ನೋಡು! ಗದ್ದಲಾ ಇಲ್ಲದ ಮೂರು ಅಧ್ಯಾಯ ಮುಗಸಿದೆ. ನಾಳೆನೂ ಹಿಂಗ ಕೂಡು.”

ಹೀಗಿರಲು ಅವಳಿಗೆ ಜ್ವರ ಬಂತು. ಕಾಲೇಜಿಲ್ಲ, ರೈಲಿಲ್ಲ; ನನ್ನ ಕರವಸ್ತ್ರ ಯಾರಿಗೂ ಸೀಟು ಕಾಯದೆ ಜೇಬಿನಲ್ಲೇ ಉಳಿಯಿತು. ಐದನೆಯ ದಿನ ಎಸ್ಸೆಮ್ಮೆಸ್ ಬಂತು. ‘ಹೇಗಿದ್ದೀ’ ಎಂದೇನೂ ಅಲ್ಲ. ಆ ಕಾದಂಬರಿಯ ಮೂರನೆಯ ಭಾಗ ತಂದುಕೊಡು ಎಂದು. ಆಹಾ, ನನ್ನ ಪಾಡು ನೋಡಿ: ಹಿಂದವಾಡಿಯಿಂದ ನನ್ನ ವೈರಿಯನ್ನು ನಾನೇ ಕಂಕುಳಲ್ಲಿ ಎತ್ತಿಕೊಂಡು ಅವಳ ಹಾಸಿಗೆಯವರೆಗೆ ಮುಟ್ಟಿಸಬೇಕು!

ನಿಲ್ದಾಣದಲ್ಲಿ ಕೂತು ಪುಟ ತಿರುವಿದೆ. ಈ ವ್ಯಾಂಪೈರ್ ಜಾತಿಯವರಿಗೆ ಬಳ್ಳೊಳ್ಳಿ ಕಂಡರಾಗದು, ಕರೆಯದೆ ಯಾರ ಮನೆಯ ಹೊಸ್ತಿಲನ್ನೂ ದಾಟಲಾಗದು ಎಂದು ಅದರಲ್ಲಿ ಬರೆದಿತ್ತು. ನಮ್ಮ ಮನೆಗಾದರೆ ಅವನು ಬರುವ ಪ್ರಶ್ನೆಯೇ ಇಲ್ಲ. ಅವ್ವನ ಒಗ್ಗರಣೆಗೆ ಓಣಿಯ ತಿರುವಿನಲ್ಲೇ ಮೂರ್ಛೆ ಹೋಗುತ್ತಾನೆ. ಆದರೆ ತ್ರಿಶಲಾಳ ಮನೆ? ತಲೆತಲಾಂತರದಿಂದ ಬಳ್ಳೊಳ್ಳಿಯ ಒಂದು ಎಸಳೂ ಕಾಣದ ಆ ಅಡುಗೆಮನೆ ಇವನ ಸ್ವಾಗತಕ್ಕಾಗಿಯೇ ಸಜ್ಜಾದಂತಿದೆ! ಇನ್ನು ಕರೆಯುವ ಮಾತು. ನಮ್ಮ ಕಡೆ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಯಾರು ಏನು ಎಂದು ನೋಡುವ ಮೊದಲೇ “ಬರ್ರಿ, ಕುಂದರ್ರಿ” ಅಂದುಬಿಡುತ್ತಾರೆ.

ತಲೆ ಕೆಟ್ಟಿತು. ಬೆಳಗಾವಿಯ ರವಿವಾರಪೇಟೆಗೆ ಓಡಿ, ದಪ್ಪ ದಪ್ಪ ಗಡ್ಡೆಗಳನ್ನು ಆರಿಸಿ, ದಾರಕ್ಕೆ ಪೋಣಿಸಿ, ಮುಖಪುಟದ ಚೆಲುವನ ಕೊರಳಿಗೆ ಸರಿಯಾಗಿ ಬೀಳುವಂತೆ ಪುಸ್ತಕಕ್ಕೆ ಕಟ್ಟಿದೆ. ತ್ರಿಶಲಾ ನಗುತ್ತಾಳೆ, ನಕ್ಕರೆ ಜ್ವರ ಇಳಿಯುತ್ತದೆ, ಇಳಿದ ಜ್ವರದ ಜೊತೆಗೆ ಅವನೂ ಇಳಿದು ಹೋಗುತ್ತಾನೆ. ಇದು ನನ್ನ ಲೆಕ್ಕಾಚಾರ.

ದೇಸೂರಿನಲ್ಲಿ ಇಳಿದಾಗ ಸಂಜೆಯ ಬಿಸಿಲು ಹೆಂಚಿನ ಮೇಲಷ್ಟೇ ಉಳಿದಿತ್ತು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ. ಬಾಗಿಲಲ್ಲಿ ಅವಳ ಅಜ್ಜಿ. “ಬಾ ತಮ್ಮಾ, ಸಿದ್ದು ಅಂದ್ರ ನೀನ ಹೌದಲ್ಲ? ಹೊತ್ತು ಮುಳುಗಾಕ ಬಂತು, ತಾಟ ಹಾಕೇವಿ, ಲಗೂನ ಕಾಲ ತೊಳಕೋ” ಎಂದರು. ಎರಡು ವರ್ಷ ಕಾದ ಆಮಂತ್ರಣ! ಹಿಗ್ಗಿನಲ್ಲಿ ಕೈ ಚಾಚಿದೆ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ಯವ್ವಾ! ಇದೇನೋ ತಮ್ಮಾ, ಪುಸ್ತಕಕ್ಕ ಬಳ್ಳೊಳ್ಳಿ ಕಟ್ಟಿ ತಂದಿ? ಹುಳಾ ಬೀಳಬಾರ್ದಂತ ಕಾಳಿನಾಗ ನಾವು ಬೇವಿನ ತಪ್ಪಲ ಹಾಕ್ತೀವಿ. ಇದಕ್ಕೂ ಹುಳಾ ಹತ್ತೇತೇನು?”

ಆಗ ನಾಲಗೆಯ ಜ್ಞಾನ ತಲೆಗೆ ಏರಿತು. ಒಳಗಿಂದ ತ್ರಿಶಲಾ “ಯಾರ ಅಜ್ಜೀ?” ಎನ್ನುವುದು ಕೇಳಿಸಿತು. ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಓಡಿದೆ. ಚಪ್ಪಲಿಯ ನೆನಪಾದದ್ದು ಖಾನಾಪುರದ ಬಸ್ಸಿನಲ್ಲಿ, ಕಂಡಕ್ಟರ್ ನನ್ನ ಪಾದಗಳನ್ನು ಕನಿಕರದಿಂದ ನೋಡಿದಾಗ.

ಮುಂದಿನ ವಾರ ಸೀಟು ಕಾಯಲೋ ಬೇಡವೋ ಎಂದು ಒದ್ದಾಡಿ, ಕರವಸ್ತ್ರ ಹಾಸಿ, ನಾನು ಮಾತ್ರ ಬೋಗಿಯ ಬಾಗಿಲ ಬಳಿ ತಲೆ ತಗ್ಗಿಸಿ ನಿಂತೆ. ದೇಸೂರಿನಲ್ಲಿ ಹತ್ತಿದ ತ್ರಿಶಲಾ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗೆ ತುರುಕಿದಳು. ಒಳಗೆ ನನ್ನ ಚಪ್ಪಲಿ.

“ಬಳ್ಳೊಳ್ಳಿ ಬಾಜೂ ಮನಿಯವರಿಗೆ ಕೊಟ್ವಿ. ಚಟ್ನಿ ಕುಟ್ಟಿ ತಿಂದು ನಿನಗ ಆಶೀರ್ವಾದ ಮಾಡ್ಯಾರ.”

“ಅಜ್ಜಿ ಸಿಟ್ಟಾಗ್ಯಾರೇನ?”

“ಸಿಟ್ಟ? ಆ ಪುಸ್ತಕ ಬೇಕಾಗಿದ್ದದ್ದ ಅಕಿಗೆ! ದಿನಾ ಸಂಜಿಕೆ ಕನ್ನಡದಾಗ ಹೇಳಿಸಿಕೊಳ್ತಾಳ. ‘ರಕ್ತಾ ಕುಡಿತಾನಂತ, ಪಾಪ, ಅಂವಗ ಯಾರರ ಒಂದ ವ್ರತಾ ಹಿಡಸ್ರೆ’ ಅಂತಾಳ. ಈಗ ‘ಬಳ್ಳೊಳ್ಳಿ ಕಂಡ್ರ ಆ ಪುಸ್ತಕದಾಗಿನಾಂವ ಓಡ್ತಾನಂದ್ಯಲ್ಲ, ಮತ್ತ ಈ ಹುಡುಗ ಯಾಕ ಓಡಿದಾ?’ ಅಂತ ಕೇಳಿ ಕೇಳಿ ನಗಾಕತ್ತಾಳ.”

ಅವಳು ಹೋಗಿ ಕಿಟಕಿಯ ಬಳಿ ಕೂತಳು, ಪುಸ್ತಕ ತೆರೆದಳು. ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಮಿಸುಕಿತು. ಅಷ್ಟರಲ್ಲಿ ಅವಳು ಪುಟದೊಳಗೆ ಬೆರಳಿಟ್ಟು ಪುಸ್ತಕ ಮುಚ್ಚಿ, ನನ್ನ ಕಡೆ ತಿರುಗಿದಳು.

“ಅಜ್ಜಿ ಇನ್ನೊಂದ ಮಾತ ಹೇಳ್ಯಾಳ. ಈ ಪುಸ್ತಕದಾಗಿನಾಂವ ಏಳೂದು ಹೊತ್ತು ಮುಳುಗಿದ ಮ್ಯಾಲೆ. ನಮ್ಮನ್ಯಾಗ ಅಷ್ಟೊತ್ತಿಗೆ ಊಟಾ ಮುಗದು ಭಾಂಡೆನೂ ತಿಕ್ಕಿಟ್ಟಿರ್ತಾರ. ಇಂವಗ ನಮ್ಮಲ್ಲಿ ಎಂದೂ ತಾಟ ಬೀಳಾಂಗಿಲ್ಲ. ನಿನಗ ಹಾಕಿದ್ದ ತಾಟ ಅವತ್ತ ಹಂಗ ಉಳೀತು. ರವಿವಾರ ಬಾ. ಬಿಸಲಿದ್ದಾಗ ಬಾ, ಬರಿಗೈಲೆ ಬಾ.”