ಮಗಳ ಸೂಜಿ, ನನ್ನ ಸೂಜಿ

ಗೆಳೆಯರೇ, ಇವತ್ತು ಮಧ್ಯಾಹ್ನ ಸಿಂಧನೂರು ಬಸ್ ನಿಲ್ದಾಣದಲ್ಲಿ ರೊಟ್ಟಿ ಡಬ್ಬಿ ಬಿಚ್ಚುವ ಮೊದಲು ಏಳು ವರ್ಷದ ಮಗಳಿಗೆ ಇನ್ಸುಲಿನ್ ಚುಚ್ಚಿದೆ. ನಮ್ಮಿಬ್ಬರಿಗೂ ಟೈಪ್ ಒನ್ ಮಧುಮೇಹ. ನನಗೆ ಚಿಕ್ಕಂದಿನಿಂದ, ಅವಳಿಗೆ ಹೋದ ವರ್ಷದಿಂದ.

ಪಕ್ಕದಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿ ಕೇಳಿಯೇಬಿಟ್ಟಳು: “ಇಷ್ಟ್ ಸಣ್ಣ ಕೂಸಿಗೆ ಸಕ್ಕರಿ ಬ್ಯಾನಿ ಹೆಂಗ ಬಂತವ್ವಾ? ನಿನ್ನಿಂದನ ಬಂದಿರಬೇಕು.”

ವರ್ಷದಿಂದ ನನಗೆ ನಾನೇ ಅಂದುಕೊಳ್ಳುತ್ತಿದ್ದ ಮಾತದು.

ಮಗಳೇ ಹೇಳಿದಳು: “ಮೊದ್ಲ ಅವ್ವ ಒಬ್ಬಾಕಿನ ಚುಚ್ಕೊಳ್ತಿದ್ಲು ರೀ ಆಯಿ. ಈಗ ನಾ ಜೋಡಿ ಅದೀನಿ.”

ಆಮೇಲೆ ನನ್ನ ಸರದಿ. ಕಣ್ಣು ತುಂಬಿ ಸೂಜಿಯೇ ಕಾಣಲಿಲ್ಲ. ಮಗಳು ನನ್ನ ಮೊಣಕಾಲು ಸವರಿ, “ಹೆದರಬ್ಯಾಡವ್ವಾ, ಇರಿವಿ ಕಡ್ದಂಗ ಆಗ್ತೈತಿ, ಅಷ್ಟ” ಅಂದಳು.

ಇಪ್ಪತ್ತೈದು ವರ್ಷ ಚುಚ್ಚಿಕೊಂಡವಳಿಗೆ ಒಂದೇ ವರ್ಷ ಚುಚ್ಚಿಸಿಕೊಂಡವಳ ಧೈರ್ಯ! ಬೇಡ ಅನ್ನಲಿಲ್ಲ, ತೆಗೆದುಕೊಂಡೆ.