ಮಳೆಗಿಟ್ಟ ಗೊಂಬೆ

ಮಗು ಹುಟ್ಟುವುದಕ್ಕೆ ಮೊದಲೇ ಇದನ್ನು ಬರೆದು ಮುಗಿಸಬೇಕು ಅಂದುಕೊಂಡಿದ್ದೇನೆ. ನನ್ನ ಸೋದರತ್ತೆಯ ಮೊಮ್ಮಗಳು ಈಗ ತುಂಬು ಬಸುರಿ. ಹಿಂದೆ ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಈ ಸಲದ ಮಗು ಉಳಿದರೆ, ಈ ಮಳೆಗಾಲದಲ್ಲಿ ಒಂದು ಮಣ್ಣಿನ ಗೊಂಬೆಯ ವಿಷಯವಾಗಿ ನಡೆದದ್ದನ್ನು ನಾವೆಲ್ಲ ಒಂದು ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತೇವೆ. ಉಳಿಯದಿದ್ದರೆ ಇನ್ನೊಂದು ಬಗೆಯಲ್ಲಿ. ಎರಡೂ ನೆನಪುಗಳು ಚೆನ್ನಾಗಿಯೇ ಕೂತುಕೊಳ್ಳುತ್ತವೆ. ಎರಡನ್ನೂ ನಾನು ನಂಬುವುದಿಲ್ಲ.

ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ, ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಒಂದೇ ಕೋಣೆಯ ವಸ್ತುಸಂಗ್ರಹಾಲಯವಿದೆ. ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಅದನ್ನು ನೋಡಿಕೊಳ್ಳುತ್ತಾರೆ. ಅಲ್ಲಿರುವುದು ಬಹುಪಾಲು ಸುಟ್ಟ ಮಣ್ಣಿನ ಮನುಷ್ಯರು. ದೂರದ ನಾಡಿನವು ಪ್ರತಿಕೃತಿಗಳು: ಸಿಂಧೂ ಬಯಲಿನ ಹೆಂಗಸು, ಕಣ್ಣಿನ ಜಾಗದಲ್ಲಿ ಅಂಟಿಸಿದ ಮಣ್ಣಿನ ಗುಳಿಗೆ; ಜಪಾನಿನದೊಂದು, ಅದರ ಕಣ್ಣು ಕಾಫಿ ಬೀಜದ ಹಾಗೆ ಉಬ್ಬಿ ನಡುವೆ ಸೀಳಿದೆ; ಮೆಕ್ಸಿಕೋದ ಕೊಬ್ಬಿದ ಮಗು, ಕಾಲು ಅಗಲಿಸಿ ಕೂತು ತುಟಿಯ ಕೊನೆಗಳನ್ನು ಕೆಳಗೆ ಎಳೆದುಕೊಂಡಿದೆ. ನಮ್ಮ ಕಡೆಯವು ಅಸಲಿ. ಮುಳ್ಳೂರಿನ ಹೊಲದಲ್ಲಿ ಸಿಕ್ಕ ಒಂದು ತಲೆ, ಯಳಂದೂರಿನ ಕಡೆಯಿಂದ ಬಂದ ಒಂದು ಮುಂಡ. ಪೂರ್ತಿಯಾಗಿರುವುದು ಒಂದೇ. ಗೇಣುದ್ದದ ಮಗು, ನಿಂತ ಭಂಗಿ, ಬಲಗೈ ಮುರಿದಿದೆ, ಹೊಕ್ಕುಳಲ್ಲಿ ಸಣ್ಣ ತೂತು. ಅಜ್ಜೀಪುರದ ಹತ್ತಿರ ಬೆಟ್ಟದ ರಸ್ತೆ ಅಗಲ ಮಾಡುವಾಗ ಜೆಸಿಬಿ ಎತ್ತಿಹಾಕಿದ ಮಣ್ಣಲ್ಲಿ ಸಿಕ್ಕಿದ್ದು. ಅದೇ ಮಣ್ಣಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಹಳೆಯ ಮಡಕೆಯ ಚೂರುಗಳೂ ಇದ್ದವು. ಮೇಷ್ಟ್ರು ಆ ಚೂರುಗಳ ವಯಸ್ಸನ್ನೇ ಗೊಂಬೆಗೂ ಕೊಟ್ಟಿದ್ದರು.

ಲೇಬಲ್ ಬರೆದುಕೊಡಲು ಅವರು ನನ್ನನ್ನು ಕರೆದಿದ್ದರು. ಒಂದು ಲೇಬಲ್ಲಿನಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಸುಳ್ಳು ಹೇಳುವುದು ಕಷ್ಟ ಎಂದುಕೊಂಡು ಒಪ್ಪಿದೆ. ಕಷ್ಟವೇನಲ್ಲ.

ನಿಂತ ಶಿಶು. ಕೈಯಿಂದ ಮಾಡಿ ಸುಟ್ಟ ಮಣ್ಣು. ಅಜ್ಜೀಪುರ. ಸುಮಾರು ಎರಡು ಸಾವಿರ ವರ್ಷ ಹಳೆಯದು.

ಅತ್ತೆ ಅಜ್ಜೀಪುರದವಳು. ಮೊಮ್ಮಗಳನ್ನು ಕೊಟ್ಟಿರುವುದು ಕೊಳ್ಳೇಗಾಲದ ಒಂದು ಮಗ್ಗದ ಮನೆಗೆ. ಅವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಬಂದ ದಿನ, ಸರದಿ ತಡ ಎಂದು ತಿಳಿದು ಅತ್ತೆ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದಳು. ನಾನೇ ಬಾ ಎಂದಿದ್ದೆನೋ, ಅವಳೇ ಬಂದಳೋ, ನೆನಪಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಬೇಕಿಲ್ಲ ಎಂದರೂ ಕೇಳಲಿಲ್ಲ. ಮೆಕ್ಸಿಕೋದ ಮಗುವನ್ನು ನೋಡಿ, "ಇದ್ಕೆ ಯಾರೋ ಒಡ್ದವ್ರೆ," ಅಂದಳು. ಆಮೇಲೆ ನಮ್ಮ ನಿಂತ ಶಿಶುವಿನ ಮುಂದೆ ಬಂದು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಇದ್ಯಾಕವ್ವ ಇಲ್ಲಿ ಬಂದ್ ನಿಂತದೆ?"

"ರಸ್ತೆ ಅಗೆಯೋವಾಗ ಸಿಕ್ಕಿದ್ದು ಅತ್ತೆ."

"ಇದು ನಮ್ದು ಕನವ್ವ. ನಮ್ ದೊಡ್ಡವ್ಳು ಒಟ್ಟೇಲಿದ್ದಾಗ ಮರದ್ ಬುಡಕ್ಕೆ ನಾನೇ ಮಡಗಿದ್ದು. ನೋಡು, ಆ ಒಕ್ಳಿಗೆ ಕಡ್ಡಿ ಚುಚ್ಚಿದ್ದೂ ನಾನೇಯ. ಆ ಕುಂಬಾರ ಮರ್ತ್‌ಬುಟ್ಟಿದ್ದ."

ಈ ಹರಕೆಯ ವಿಷಯ ನನಗೆ ಅರ್ಧ ಗೊತ್ತಿತ್ತು. ಕೂಸುಗಳು ನಿಲ್ಲದ ಮನೆಯಲ್ಲಿ, ಬಸುರಿಯ ಪರವಾಗಿ ಒಂದು ಮಣ್ಣಿನ ಮಗುವನ್ನು ಮಾಡಿಸಿ, ಹುಲ್ಲುರಿಯಲ್ಲಿ ಅರೆಬರೆ ಸುಟ್ಟು, ಊರಾಚೆ ಮುನೇಶ್ವರನ ಬೇವಿನ ಮರದ ಬುಡದಲ್ಲಿ ನಿಲ್ಲಿಸುತ್ತಿದ್ದರು. ಅದು ಮಳೆಯಲ್ಲಿ ನೆನೆದು, ಕರಗಿ, ಮಣ್ಣಾಗಬೇಕು. ಅದು ಸವೆದಷ್ಟೂ ಮನೆಯ ಮಗು ಗಟ್ಟಿಯಾಗುತ್ತದೆ ಎಂದು ನಂಬಿಕೆ. ಸೂರಿನ ಕೆಳಗೆ ಮಾತ್ರ ತರಬಾರದು. ತಂದರೆ ಹರಕೆ ಅಲ್ಲಿಗೇ ನಿಂತುಬಿಡುತ್ತದೆ. ಮತ್ತೆ ಅದು ಮಳೆ ಕಾಣುವತನಕ ಆ ಮನೆಯವರು ಇನ್ನೊಂದು ಗೊಂಬೆ ಇಡುವ ಹಾಗಿಲ್ಲ.

ನನಗೂ ಆ ಮರದ ನೆನಪಿದೆ. ಸಾಲಾಗಿ ನಿಂತ ಗೊಂಬೆಗಳು, ಅವುಗಳ ಸೊಂಟದವರೆಗೆ ಬೆಳೆದ ಹುಲ್ಲು. ಆದರೆ ಈ ಚಿತ್ರದಲ್ಲಿ ನಾನು ಎಲ್ಲಿ ನಿಂತಿದ್ದೇನೆ, ಜೊತೆಗೆ ಯಾರಿದ್ದರು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಗಡಿಯಾಚೆಯ ಯಾವುದೋ ತಮಿಳು ಹಳ್ಳಿಯ ಫೋಟೋ ನೋಡಿ ಅದನ್ನೇ ನನ್ನದು ಮಾಡಿಕೊಂಡಿರಬಹುದು.

ಮೇಷ್ಟ್ರು ಒಳಗೆ ಬಂದರು. ಅತ್ತೆ ಅವರನ್ನು ಕೇಳಿದ್ದು ಒಂದೇ ಮಾತು.

"ಇದು ಈ ಸೂರ್ ಸೇರಿ ಎಷ್ಟ್ ದಿನ ಆಯ್ತು ಸಾ?"

"ಮೂರು ವರ್ಷದ ಮೇಲಾಯ್ತಮ್ಮ. ಯಾಕೆ?"

ಮೊಮ್ಮಗಳ ಮದುವೆಯಾಗಿದ್ದೂ ಆಗಲೇ. ಇದನ್ನು ಅತ್ತೆ ಬಾಯಿಬಿಟ್ಟು ಹೇಳಿದಳೋ, ನಾನೇ ಮನಸ್ಸಿನಲ್ಲಿ ಜೋಡಿಸಿದೆನೋ. ಅವಳು ಸುಮ್ಮನಾದದ್ದಂತೂ ನಿಜ. ಸುಮ್ಮನಾದವರ ಬಾಯಿಗೆ ಮಾತು ಹಾಕುವುದು ಸುಲಭ.

ಆಮೇಲೆ ಅವಳು ವಿಷಯ ಹೇಳಿದಳು. ಮೊಮ್ಮಗಳಿಗೆ ದಿನ ತುಂಬುವುದರೊಳಗೆ ಹೊಸ ಗೊಂಬೆ ಇಡಬೇಕು. ಅದಕ್ಕೆ ಮೊದಲು ಇದಕ್ಕೆ ಮಳೆ ಬೀಳಬೇಕು.

ಮೇಷ್ಟ್ರು ಸಮಾಧಾನವಾಗಿಯೇ ವಿವರಿಸಿದರು. ಹೊಕ್ಕುಳಿಗೆ ಕಡ್ಡಿ ಚುಚ್ಚುವುದು ಬಹಳ ಹಳೆಯ ಪದ್ಧತಿ, ಎಷ್ಟೋ ಕಡೆ ಸಿಕ್ಕಿದೆ. ಅರೆಬರೆ ಸುಟ್ಟ ಗೊಂಬೆಯಾಗಿದ್ದರೆ ಇಷ್ಟು ವರ್ಷ ನೆಲದೊಳಗೆ ಉಳಿಯುತ್ತಿರಲಿಲ್ಲ.

"ನಾ ಮಡಗಿದ್ ವರ್ಸವೇ ರಸ್ತೆಗೆ ಅಂತ ಮಣ್ ಸುರ್ದು ಮುಚ್ಬುಟ್ರು ಸಾ. ಭೂಮ್ತಾಯಿ ತಕಂಡ್ಳು ಅಂದ್ಕಂಡು ಸುಮ್ಗಾದೆ. ಆ ಕುಂಬಾರ ಚೆನ್ನಾಗ್ ಸುಟ್ಬುಟ್ಟವ್ನೆ, ಅದು ನನ್ ತಪ್ಪಾ?"

"ಇದು ಎರಡು ಸಾವಿರ ವರ್ಷದ್ದಮ್ಮ."

"ಆಗ್ಲಿ ಸಾ, ಎಲ್ಡ್ ಸಾವ್ರ ವರ್ಸದ್ದೇ ಆಗ್ಲಿ. ಅಷ್ಟ್ ಮಳೆ ಕಂಡಿರೋ ಕೂಸ್ಗೆ ಇನ್ನೊಂದ್ ಮಳೆ ಅಂದ್ರೆ ಭಯ್ವಾ? ನಿಮ್ಗಾ, ಅದ್ಕಾ?"

ಮೇಷ್ಟ್ರು ನಕ್ಕರು. ಮಣ್ಣೊಳಗೆ ಹೂತಿರುವುದು ಬೇರೆ, ಬಯಲಲ್ಲಿ ನೆನೆಯುವುದು ಬೇರೆ ಎಂದರು. ಅದು ನಿಜವೇ. ಆದರೆ ಮಳೆಗಿಡಲು ಒಪ್ಪದಿದ್ದರೆ ಅವರೇ ಕೊಟ್ಟ ವಯಸ್ಸಿನ ಮೇಲೆ ಅವರಿಗೇ ಅನುಮಾನ ಇದೆ ಎಂದಾಗುತ್ತಿತ್ತು. ಮೂವರಿಗೂ ಅದು ಗೊತ್ತಾಯಿತು. ಒಂದು ತುಂತುರು ಮಳೆಗೆ, ತಾರಸಿಯ ಮೇಲೆ, ತಮ್ಮ ಕಣ್ಣ ಮುಂದೆ ಎಂದು ಕೊನೆಗೆ ಒಪ್ಪಿದರು.

ಮೊಮ್ಮಗಳು ಇದನ್ನು ಕೇಳಿ ತಲೆ ಚಚ್ಚಿಕೊಂಡಳು. "ಅಜ್ಜಿ, ಸ್ಕ್ಯಾನಲ್ಲಿ ಎಲ್ಲಾ ಸರಿಯಾಗದೆ ಅಂದವ್ರೆ. ಗೊಂಬೆ ಗಿಂಬೆ ಅಂತ ಆ ಮೇಷ್ಟ್ರು ತಲೆ ಯಾಕ್ ತಿಂದೀಯೆ?" ಮಗ್ಗದ ಮುಂದೆ ಕೂರಬೇಡ ಎಂದು ಮನೆಯವರು ಹೇಳಿದ್ದರಿಂದ ಅವಳು ದಿನವಿಡೀ ಟಿವಿ ನೋಡುತ್ತ, ಕೈಗೆ ಸಿಕ್ಕ ರೇಷ್ಮೆ ಎಳೆಯ ತುಂಡುಗಳನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ಮಳೆ ಬರಲಿಲ್ಲ. ಮೋಡ ಕಟ್ಟಿದ ಮಧ್ಯಾಹ್ನಗಳಲ್ಲಿ ಅತ್ತೆ ಅಜ್ಜೀಪುರದಲ್ಲಿ ಬಸ್ಸು ಹತ್ತಿ, ಹನೂರಿನಲ್ಲಿ ಇಳಿದು ಇನ್ನೊಂದು ಹತ್ತಿ ಬರುವಳು. ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಆಕಾಶ ನೋಡುವಳು. ಮೋಡ ಬಿಳಿಗಿರಿ ಬೆಟ್ಟದ ಕಡೆ ಹೋಗುತ್ತಿತ್ತು. "ಯಳಂದೂರ್ನೋರ್ಗೆ ಓಯ್ತಾ ಅದೆ ಎಲ್ಲಾವ," ಎಂದು ಯಳಂದೂರನ್ನೇ ಬೈಯುವಳು. ಒಂದು ದಿನ ಮೇಷ್ಟ್ರು ಕನಿಕರದಿಂದ ಮಗ್ಗಿನಲ್ಲಿ ನೀರು ತಂದು, ಚಿಮುಕಿಸೋಣವೇ ಎಂದರು.

"ನಲ್ಲಿ ನೀರಾ ಸಾ? ಆಮೇಕೆ ಕರೆಂಟ್ ಓಗಿ ನಲ್ಲಿ ನಿಂತಾಗೆಲ್ಲ ಕೂಸ್ ಅಳ್ತದೆ."

ಮೇಷ್ಟ್ರು ಮಗ್ಗು ಹಿಡಿದುಕೊಂಡೇ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಗೆ ಮಳೆ ಬಂದದ್ದು ತುಂತುರಾಗಿ ಅಲ್ಲ. ದಪ್ಪ ಹನಿ, ಒಮ್ಮೆಗೇ. ಮೇಷ್ಟ್ರು ಗಾಜಿನ ಪೆಟ್ಟಿಗೆ ತೆರೆದು, ಗೊಂಬೆಯನ್ನು ಕೈಬಟ್ಟೆಯಲ್ಲಿ ಹಿಡಿದು, ಸ್ಟೀಲ್ ತಟ್ಟೆಯಲ್ಲಿ ಮಲಗಿಸಿ ತಾರಸಿಗೆ ತಂದರು. ಒಬ್ಬರು ಕೊಡೆ ಹಿಡಿದಿದ್ದರು, ಸಾಕು ಎಂದ ಕೂಡಲೇ ಗೊಂಬೆಯ ಮೇಲೆ ಮರೆ ಮಾಡುವುದಕ್ಕೆ. ಅದು ನಾನು ಎಂದು ಮೇಷ್ಟ್ರು ಹೇಳುತ್ತಾರೆ. ಅವರೇ ಎಂದು ನನ್ನ ನೆನಪು, ಯಾಕೆಂದರೆ ಕೊಡೆಯಿದ್ದೂ ಅವರು ನೆನೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಅತ್ತೆ ತಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು, ತಲೆಯ ಮೇಲೆ ಸೆರಗು.

ಮೊದಲು ಗೊಂಬೆಯ ಬಣ್ಣ ಗಾಢವಾಯಿತು. ಇಟ್ಟಿಗೆಯ ಬಣ್ಣ ಹೋಗಿ ಹುಣಸೆಹಣ್ಣಿನ ಬಣ್ಣ ಬಂತು. ಹೊಕ್ಕುಳ ತೂತಿನಲ್ಲಿ ನೀರು ನಿಂತು ತುಳುಕಿತು. ಆಮೇಲೆ ತಟ್ಟೆಯಲ್ಲಿ ಕೆಂಪು ನೀರು ಕಾಣಿಸಿತು. ಮುರಿದ ಬಲಭುಜದ ಅಂಚಿನಿಂದ ಉಗುರಿನಷ್ಟು ಚೂರು ಕಳಚಿ ಆ ನೀರಿಗೆ ಬಿತ್ತು.

ಮೇಷ್ಟ್ರು ತಟ್ಟೆಯ ನೀರಿಗೆ ಬೆರಳಿಟ್ಟು, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. "ಮೇಲಿದ್ದ ಧೂಳು," ಎಂದರು. ಇರಬಹುದು. ಅವರು ಅದನ್ನು ಎಂದೂ ತೊಳೆದಿರಲಿಲ್ಲ, ಒಣ ಬ್ರಷ್‌ನಲ್ಲಿ ಒರೆಸಿದ್ದರು ಅಷ್ಟೆ. ಚೂರು ಬಿದ್ದದ್ದೂ ಏನನ್ನೂ ಹೇಳುವುದಿಲ್ಲ. ಮುರಿದ ಜಾಗ ಎಷ್ಟು ಹಳೆಯದಾದರೂ ಸಡಿಲವೇ. ಅವರು ಅತ್ತೆಯ ಮುಖ ನೋಡಿದರು. ಆಗಲೇ ಅತ್ತೆ ತನ್ನ ಮಾತೇ ಗೆದ್ದಿತು ಎಂದುಬಿಟ್ಟಿದ್ದರೆ ಈ ಬರಹಕ್ಕೊಂದು ಮುಗಿತಾಯ ಸಿಗುತ್ತಿತ್ತು. ಅವಳು ಅಂದದ್ದು ಬೇರೆ.

"ಸಾಕ್ ಬುಡಿ ಸಾ. ಒಳಕ್ ತಕಂಡ್ ಓಗಿ, ಸೀತ ಆದಾತು."

"ಮತ್ತೆ ಸೂರಿನ ಕೆಳಗೇ ಇಡಬೇಕಲ್ಲಮ್ಮ?"

"ಮಡಿಕಳಿ. ಮಳೆ ಕಂಡದೆ. ಇನ್ ನಮ್ಗೂ ಅದ್ಕೂ ಏನಿಲ್ಲ."

ಆ ಸಂಜೆ ನಾನು ಎರಡು ಹೊಸ ಲೇಬಲ್ ಬರೆದೆ.

ನಿಂತ ಶಿಶು. ಸುಟ್ಟ ಮಣ್ಣು. ಅಜ್ಜೀಪುರ. ಕಾಲ ತಿಳಿಯದು.

ನಿಂತ ಶಿಶು. ಸುಟ್ಟ ಮಣ್ಣು. ಅಜ್ಜೀಪುರದ ಒಬ್ಬ ತಾಯಿ ಇದನ್ನು ತನ್ನದೆಂದು ಹೇಳುತ್ತಾರೆ.

ಮೇಷ್ಟ್ರು ಎರಡನ್ನೂ ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ಗಾಜಿನೊಳಗೆ ಈಗಲೂ ಹಳೆಯದೇ ಇದೆ. ಕಳಚಿದ ಚೂರನ್ನು ಹತ್ತಿಯಲ್ಲಿ ಸುತ್ತಿ ಪಕ್ಕದಲ್ಲಿ ಇಟ್ಟಿದ್ದಾರೆ.

ಹೊಸ ಗೊಂಬೆಗೆ ಅತ್ತೆ ನನ್ನನ್ನು ಮಧುವನಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲೊಬ್ಬ ಹೂಕುಂಡ ಮಾಡುವವನು, ಹಬ್ಬ ಬಂದಾಗ ಗೌರಿ ಗಣೇಶನನ್ನೂ ಮಾಡುತ್ತಾನೆ. ಇಂಥ ಗೊಂಬೆ ಅವನು ಮಾಡಿಯೇ ಇರಲಿಲ್ಲ. ಮೈಯನ್ನು ಕೈಯಲ್ಲೇ ತೀಡಿ, ಮುಖಕ್ಕೆ ಗೌರಿಯ ಅಚ್ಚು ಒತ್ತಿ ತಂದು ತೋರಿಸಿದ.

"ಉಟ್ಟೋ ಕೂಸ್ಗೆ ಮೂಗ್ಬಟ್ಟು ಯಾಕ್ಲಾ?"

"ಹೆಣ್ಣಾದ್ರೆ ಇರ್ಲಿ ಅಂತ ಕನಕ್ಕ."

"ಗಂಡಾದ್ರೆ ನೀ ಆಕತೀಯಾ? ತಗಿ ಅದ್ನ."

ಅವನು ಉಗುರಿನಿಂದ ಮೂಗುಬೊಟ್ಟನ್ನು ಕೆರೆದು ತೆಗೆದ. ಅದರ ಜೊತೆ ಮೂಗೂ ಅರ್ಧ ಹೋಯಿತು. ಅತ್ತೆ ಸರಿ ಎಂದು, ಹುಲ್ಲುರಿಯಲ್ಲಿ ಅರೆಬರೆ ಸುಡಿಸಿದಳು.

ಅಜ್ಜೀಪುರಕ್ಕೆ ಮೊಮ್ಮಗಳೂ ಬಂದಳು. ಮನೆಯಲ್ಲಿ ಕೂತು ಬೇಜಾರಾಗಿದೆ, ಕಾರಿನಲ್ಲಿ ಒಂದು ಸುತ್ತು ಬಂದ ಹಾಗೂ ಆಯಿತು ಎಂದಳು. ದಾರಿಯುದ್ದಕ್ಕೂ ಮೊಬೈಲು ನೋಡುತ್ತಿದ್ದಳು. ಬೇವಿನ ಮರ ಈಗಿಲ್ಲ, ರಸ್ತೆ ಅದನ್ನು ತೆಗೆದುಕೊಂಡಿದೆ. ಮುನೇಶ್ವರನ ಕಲ್ಲನ್ನು ಯಾರೋ ಎತ್ತಿ ಚರಂಡಿಯ ಆಚೆ, ಮುಸುಕಿನ ಜೋಳದ ಹೊಲದ ಬದುವಿನಲ್ಲಿ ನಿಲ್ಲಿಸಿದ್ದಾರೆ. ಬೆಟ್ಟಕ್ಕೆ ಹೋಗುವ ಬಸ್ಸುಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು.

ಅತ್ತೆ ಅರಿಶಿನ ಕುಂಕುಮ ತೆಗೆದು, ಗೊಂಬೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮೊಮ್ಮಗಳು ಕೈಚಾಚಿದಳು.

"ಕೊಡಜ್ಜಿ ಇಲ್ಲಿ. ನಾನೇ ಮಡಗ್ತೀನಿ."

"ಬಗ್ಬ್ಯಾಡ ಕನವ್ವ."

"ಬಗ್ಗಲ್ಲ, ಕೂತ್ಕತೀನಿ."

ಅವಳು ಬದುವಿನ ಮೇಲೆ ಕಾಲು ಚಾಚಿ ಕೂತೇಬಿಟ್ಟಳು, ಹೊಸ ಚೂಡಿದಾರಕ್ಕೆ ಮಣ್ಣಾಗುತ್ತದೆ ಎಂದು ನೋಡದೆ. ಗೊಂಬೆಯನ್ನು ಕಲ್ಲಿನ ಮುಂದೆ ನಿಲ್ಲಿಸಿದಳು. ಅದು ಮುಗ್ಗರಿಸಿತು. ಮತ್ತೆ ನಿಲ್ಲಿಸಿದಳು, ಮತ್ತೆ ಮುಗ್ಗರಿಸಿತು.

"ನಿಂತ್ಕತಾನೇ ಇಲ್ವಲ್ಲಜ್ಜಿ."

"ನಿಂತ್ಕತದೆ. ಕಾಲ್ ಸುತ್ತ ಮಣ್ ಒತ್ತು."

ಅವಳು ಎರಡೂ ಅಂಗೈಯಿಂದ ಗೊಂಬೆಯ ಕಾಲ ಸುತ್ತ ಮಣ್ಣು ಒತ್ತಿದಳು. ಗಟ್ಟಿಯಾದ ಮೇಲೂ ಒತ್ತುತ್ತಿದ್ದಳು. ಕಾರಿನವನು ಹೊರಡೋಣವೇ ಎಂದು ದೂರದಿಂದಲೇ ಕೇಳಿದ. ಆಕಾಶ ಬೆಳ್ಳಗಿತ್ತು, ಬೆಟ್ಟದ ಕಡೆಯೂ ಒಂದು ಮೋಡವಿರಲಿಲ್ಲ.

"ಮಳೆ ಯಾವಾಗ್ ಬತ್ತದಜ್ಜಿ?" ಎಂದು ಮೊಮ್ಮಗಳು ಕೇಳಿದಳು.

ಅತ್ತೆ ಮೊಮ್ಮಗಳ ಒಂದು ಕೈಯನ್ನು ತಾನು ಹಿಡಿದು, ಇನ್ನೊಂದನ್ನು ಹಿಡಿಯುವಂತೆ ನನಗೆ ಕಣ್ಣಲ್ಲೇ ಹೇಳಿದಳು.

"ಬತ್ತದೆ. ಮೇಕೇಳು, ನಿಧಾನ."