ಬೆಂಚಿನ ಮೇಲಿನ ಖಾರ

ವೃಂದಾಳ ಕೆಲಸವೇ ಹಿಂದಿನ ಬೆಂಚಿನಲ್ಲಿ ಕೂರುವುದು. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳು ತರಗತಿಯಲ್ಲಿ ಕನ್ನಡ ಕಲಿಯುವಾಗ ಎಷ್ಟರಮಟ್ಟಿಗೆ ತೊಡಗಿಕೊಳ್ಳುತ್ತಾರೆ, ಯಾರು ತಾವಾಗಿ ಬಾಯಿ ಬಿಡುತ್ತಾರೆ ಎಂಬುದನ್ನು ಗಮನಿಸಿ ಅಧ್ಯಯನ ತಂಡಕ್ಕೆ ವರದಿ ಕೊಡಬೇಕು. ತರಗತಿಯೊಳಗೆ ಅವಳು ಮಾತಾಡುವಂತಿಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಹಾಗೆಯೇ ಕೂತು ಬಂದಿದ್ದಳು. ಶಿಗ್ಗಾವಿಯ ಬಾಡಿಗೆ ಕೋಣೆಯಲ್ಲೂ ಮಾತಿಗೆ ಜನವಿರಲಿಲ್ಲ. ಬಸ್ಸಿನ ಕಂಡಕ್ಟರನಿಗೆ ಊರ ಹೆಸರು ಹೇಳಿದ್ದೇ ಎಷ್ಟೋ ದಿನ ಅವಳ ಕೊನೆಯ ಮಾತಾಗಿರುತ್ತಿತ್ತು.

ಸವಣೂರಿನ ಉರ್ದು ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವರು ಅಖ್ತರುನ್ನೀಸಾ. ಪುಸ್ತಕ ಮುಚ್ಚಿಟ್ಟು ಮಕ್ಕಳನ್ನು ಬರೀ ಮಾತಾಡಿಸುವ ಒಂದು ಅವಧಿಯನ್ನು ಅವರು ಹಟ ಹಿಡಿದು ನಡೆಸಿಕೊಂಡು ಬಂದಿದ್ದರು. ವರದಿ ಚೆನ್ನಾಗಿ ಬರದಿದ್ದರೆ ಅದು ನಿಲ್ಲುತ್ತದೆಂದು ಮುಖ್ಯೋಪಾಧ್ಯಾಯರು ಹೇಳಿಯಾಗಿತ್ತು.

ಮೊದಲ ದಿನ ನಗೀನಾ ಎಂಬ ಹುಡುಗಿ ಕಾಗದದ ಪೊಟ್ಟಣದಲ್ಲಿ ಸವಣೂರಿನ ಹೆಸರಾಂತ ಕುರುಕಲು ತಿಂಡಿ ಖಾರವನ್ನು ತಂದು ವೃಂದಾಳ ಮುಂದಿನ ಬೆಂಚಿನ ಮೇಲಿಟ್ಟಳು. ವೃಂದಾ ಮುಟ್ಟಲಿಲ್ಲ. ಇಡೀ ತರಗತಿ ತುಟಿ ಬಿಚ್ಚಲಿಲ್ಲ. ಮರುದಿನವೂ ಅದೇ ಖಾರ, ಅದೇ ಮೌನ.

ಗಂಟೆ ಹೊಡೆದ ಮೇಲೆ ಅಖ್ತರುನ್ನೀಸಾ ಗೇಟಿನವರೆಗೂ ಹಿಂದೆ ಬಂದರು. "ದಿನಾ ನನ್ನ ತಲಿ ತಿನ್ನೋ ಹುಡುಗ್ರ್ರಿ ಇವು. ನೀವು ಆ ಖಾರ ಯಾಕ ಮುಟ್ಟವಲ್ರಿ?"

"ಒಳಗ ಏನೂ ತಿನ್ನೂಹಂಗಿಲ್ರಿ."

"ಅದಕ್ಕ ನೋಡ್ರಿ! ನಮ್ಮ ಓಣ್ಯಾಗ ಬಂದವ್ರು ಬಾಯಾಗ ಒಂದೀಟು ಹಾಕ್ಕೊಳ್ಳೂತನಕ ಹುಡುಗ್ರು ಮಾತಾಡೂದಿಲ್ಲ. ಮುಟ್ಟಲಿಲ್ಲಂದ್ರ ಸಿಟ್ಟಿಲೆ ಬಂದಾರ ಅಂತ ಅರ್ಥ."

ಮೂರನೆಯ ದಿನ ವೃಂದಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು.

"ಟೀಚರ್, ಇವ್ರು ಅಳಾಕತ್ತಾರ್ರಿ!" ಎಂದಳು ನಗೀನಾ.

"ಅಳು ಅಲ್ಲಬೇ, ಮೆಣಸಿನಕಾಯಿ!" ಪಕ್ಕದವಳು ಕೂಗಿದಳು.

"ನೀರು ಕೊಡ್ರಿ!"

"ನೀರು ಬ್ಯಾಡ, ಬೆಲ್ಲ ಕೊಡ್ರಿ!"

ನೀರೋ ಬೆಲ್ಲವೋ ಎಂಬ ಜಗಳ ಬೆಂಚಿನಿಂದ ಬೆಂಚಿಗೆ ಹಬ್ಬಿತು, ಅಷ್ಟೂ ಕನ್ನಡದಲ್ಲೇ. ನಡುವೆ ನಗೀನಾ ಕೇಳಿದಳು: "ನಿಮ್ಮ ಮನ್ಯಾಗ ಯಾರ್ಯಾರು ಅದಾರ್ರಿ?"

"ನಾ ಒಬ್ಬಾಕಿನ."

"ಹಂಗಾರ ನಾಳೆನೂ ಇಲ್ಲೇ ಬರ್ರಿ."

ಖಾರ ತಿಂದದ್ದನ್ನೂ ಮಾತಾಡಿದ್ದನ್ನೂ ಮುಚ್ಚಿಟ್ಟರೆ ಈ ಗದ್ದಲವೆಲ್ಲ ವರದಿಗೆ ಸೇರುತ್ತಿತ್ತು. ಮುಚ್ಚಿಡಲು ಅವಳ ಮನಸ್ಸು ಒಪ್ಪಲಿಲ್ಲ. ಸಂಜೆ ತಂಡಕ್ಕೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ಅವಳ ವೀಕ್ಷಣೆ ರದ್ದಾಯಿತು. ಸವಣೂರಿಗೆ ಬೇರೊಬ್ಬರು, ಅವಳಿಗೆ ರಟ್ಟೀಹಳ್ಳಿ.

ಅಖ್ತರುನ್ನೀಸಾರಿಗೆ ಅವಳು ಫೋನಿನಲ್ಲಿ ಹೇಳಿದ್ದಿಷ್ಟು: "ಹೊಸಬ್ರಿಗೆ ಗೇಟಿನಾಗ ತಿನ್ನಸ್ರಿ, ಹುಡುಗ್ರ ಕಣ್ಣೆದುರಿಗೆ. ಆಮ್ಯಾಲೆ ಒಳಗ ಕರ್ಕೊಂಡು ಹೋಗ್ರಿ. ಗೇಟಿನಾಗ ತಿನ್ನಾಕ ಅಡ್ಡಿಲ್ಲ."

"ನೀವು ಬರೂದಿಲ್ಲೇನ್ರಿ? ಆ ಹುಡುಗಿ ಕೇಳತೈತಿ."

"ಇಲ್ರಿ."

ರಟ್ಟೀಹಳ್ಳಿಯ ಮಕ್ಕಳು ಮೊದಲ ದಿನದಿಂದಲೇ ಧಾರಾಳವಾಗಿ ಮಾತಾಡಿದರು. ಹಿಂದಿರುಗಿ ಅವಳತ್ತ ನೋಡಿದವರಿಲ್ಲ. ವೃಂದಾ ತನ್ನ ಮುಂದಿನ ಖಾಲಿ ಬೆಂಚನ್ನು ಎರಡು ಸಲ ಒರೆಸಿದಳು.